ರುಮ್ಯಾಟಿಕ್ ಹೃದ್ರೋಗ

ರುಮ್ಯಾಟಿಕ್ ಹೃದ್ರೋಗವೆಂದರೆ, ಬಾಲ್ಯದಲ್ಲಿ ಗಂಟಲಿಗೆ ತಗಲಿದ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟಗಳಿಗೆ ಉಂಟಾಗುವ ಶಾಶ್ವತ ಹಾನಿ. ಸೋಂಕು ಕೆಲವು ದಿನಗಳದ್ದು, ಜ್ವರ ಕೆಲವು ವಾರಗಳದ್ದು, ಕವಾಟದ ಹಾನಿ ಮಾತ್ರ ಜೀವಮಾನದ್ದು. ಹುಟ್ಟಿನಿಂದ ಬಂದ ದೋಷವಲ್ಲದೆ ಆಮೇಲೆ ಅಂಟಿಕೊಳ್ಳುವ ಹೃದ್ರೋಗಗಳಲ್ಲಿ ಮಕ್ಕಳು ಮತ್ತು ಎಳೆವಯಸ್ಕರನ್ನು ಅತಿ ಹೆಚ್ಚಾಗಿ ಕಾಡುವುದು ಇದೇ. ಸಕಾಲದ ಪೆನಿಸಿಲಿನ್‌ನಿಂದ ಇದನ್ನು ತಡೆಯಬಹುದು. ಕವಾಟ ಕೆಟ್ಟ ಮೇಲೆ ಅದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಹೆಸರು ಮತ್ತು ಪರಿಭಾಷೆ

ರುಮ್ಯಾಟಿಕ್ ಜ್ವರವನ್ನು ಕನ್ನಡದಲ್ಲಿ ಕೀಲುವಾತದ ಜ್ವರ, ಸಂಧಿವಾತ ಜ್ವರ ಎಂದೂ ಕರೆಯುವುದುಂಟು. ಹೆಸರಿನಲ್ಲಿ ವಾತವಿದ್ದರೂ ನಡುವಯಸ್ಸಿನವರ ಬೆರಳ ಗಿಣ್ಣುಗಳನ್ನು ಸೊಟ್ಟಗಾಗಿಸುವ ರುಮಟಾಯ್ಡ್ ಸಂಧಿವಾತಕ್ಕೂ ಇದಕ್ಕೂ ಸಂಬಂಧವಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೂ ಬೇರೆ. ರುಮ್ಯಾಟಿಕ್ ಹೃದ್ರೋಗದಲ್ಲಿ ಕೆಡುವುದು ನಾಳವಲ್ಲ, ಕವಾಟ. ಆಡುಮಾತಿನಲ್ಲಿ ‘ವಾಲ್ವ್ ಕಾಯಿಲೆ’, ‘ವಾಲ್ವ್ ಕಿರಿದಾಗಿದೆ’, ‘ವಾಲ್ವ್ ಲೀಕ್ ಆಗ್ತಿದೆ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಈ ಲೇಖನದಲ್ಲಿ ಕವಾಟ ಪೂರ್ತಿ ತೆರೆಯದಿರುವುದನ್ನು ಕಿರಿದಾಗುವಿಕೆ ಎಂದೂ, ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಹರಿಯುವುದನ್ನು ಸೋರಿಕೆ ಎಂದೂ ಹೇಳಿದೆ.

ತಿಳಿವಳಿಕೆ ಬೆಳೆದ ಬಗೆ

ಕೀಲುನೋವಿನ ಜ್ವರ ಬಂದವರ ಹೃದಯವೂ ಕೆಡುತ್ತದೆ ಎಂಬುದು ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಕೆಲವು ವೈದ್ಯರ ಗಮನಕ್ಕೆ ಬಂದಿತ್ತು. 1812ರಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಇಂಥ ರೋಗಿಗಳ ವಿವರಗಳನ್ನು ಪ್ರಕಟಿಸಿದ. 1816ರಲ್ಲಿ ಫ್ರಾನ್ಸಿನ ರೆನೆ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿದ ಮೇಲೆ ಕೆಟ್ಟ ಕವಾಟದ ಸದ್ದು ಬದುಕಿರುವವರ ಎದೆಯಲ್ಲೇ ಕೇಳಿಸತೊಡಗಿತು. ಪ್ಯಾರಿಸಿನ ಝಾನ್ ಬ್ಯಾಪ್ಟಿಸ್ಟ್ ಬುಯೊ 1830ರ ದಶಕದಲ್ಲಿ ಕೀಲು ಮತ್ತು ಹೃದಯದ ನಂಟನ್ನು ನಿಯಮವೆಂಬಂತೆ ಮಂಡಿಸಿದ. 1904ರಲ್ಲಿ ಜರ್ಮನಿಯ ಲುಡ್ವಿಗ್ ಆಶಾಫ್ ಹೃದಯದ ಸ್ನಾಯುವಿನಲ್ಲಿ ಈ ರೋಗಕ್ಕೇ ವಿಶಿಷ್ಟವಾದ ಸೂಕ್ಷ್ಮ ಗಂಟುಗಳನ್ನು ಗುರುತಿಸಿದ. ಅವು ಇಂದಿಗೂ ಅವನ ಹೆಸರಿನಲ್ಲೇ ಇವೆ.

ರೋಗದ ಮೂಲ ಗಂಟಲಿನಲ್ಲಿದೆ ಎಂಬುದು ಖಚಿತವಾದದ್ದು 1931ರ ಸುಮಾರಿಗೆ. ನ್ಯೂಯಾರ್ಕಿನ ಆಲ್ವಿನ್ ಕೋಬರ್ನ್ ಮತ್ತು ಲಂಡನ್ನಿನ ವಿಲಿಯಂ ಕಾಲಿಸ್ ಬೇರೆಬೇರೆಯಾಗಿ ದುಡಿದು ಸ್ಟ್ರೆಪ್ಟೊಕಾಕಸ್ ಸೋಂಕಿನ ಕಡೆಗೇ ಬೆರಳು ತೋರಿದರು. ಅಮೆರಿಕದ ರೆಬೆಕಾ ಲ್ಯಾನ್ಸ್‌ಫೀಲ್ಡ್ ಈ ಬ್ಯಾಕ್ಟೀರಿಯಾಗಳನ್ನು ಗುಂಪುಗಳಾಗಿ ವಿಂಗಡಿಸಿದ್ದರಿಂದ, ರುಮ್ಯಾಟಿಕ್ ಜ್ವರಕ್ಕೆ ಕಾರಣ ‘ಎ’ ಗುಂಪಿನದೆಂದು ಬೇರ್ಪಡಿಸಲು ಸಾಧ್ಯವಾಯಿತು. 1950ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ವಾರನ್ ವಾಯುನೆಲೆಯಿಂದ ನಿರ್ಣಾಯಕ ಪುರಾವೆ ಬಂತು. ಗಂಟಲು ಬೇನೆ ಬಂದ ಸೈನಿಕರಿಗೆ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ಬಹುಪಾಲು ಬಾರದೆ ಹೋಗುತ್ತಿತ್ತು.

ಭಾರತದಲ್ಲಿ ಈ ರೋಗಕ್ಕೆ ಮತ್ತೊಂದು ಮುಖವಿರುವುದನ್ನು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸುಜಯ್ ಬಿ. ರಾಯ್ ಮತ್ತು ಸಂಗಡಿಗರು 1963ರಲ್ಲಿ ತೋರಿಸಿದರು. ಪಾಶ್ಚಾತ್ಯ ಪಠ್ಯಗಳ ಪ್ರಕಾರ ಜ್ವರ ಬಂದು ದಶಕಗಳು ಕಳೆದ ಮೇಲೆ ಕವಾಟ ಕಿರಿದಾಗಬೇಕು. ಇಲ್ಲಿ ಇಪ್ಪತ್ತು ವರ್ಷ ತುಂಬದ ಹುಡುಗ ಹುಡುಗಿಯರಲ್ಲೇ ಅದು ತೀವ್ರ ಹಂತ ಮುಟ್ಟಿತ್ತು.

ಹೃದಯದ ಕವಾಟಗಳು

ಹೃದಯದಲ್ಲಿ ನಾಲ್ಕು ಕೋಣೆಗಳಿವೆ: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಕೋಣೆಗಳ ನಡುವೆ ಮತ್ತು ಮಹಾನಾಳಗಳ ಬಾಯಲ್ಲಿ ನಾಲ್ಕು ಕವಾಟಗಳಿದ್ದು ರಕ್ತ ಮುಂದಕ್ಕೆ ಮಾತ್ರ ಹರಿಯುವಂತೆ ಕಾಯುತ್ತವೆ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನದು ದ್ವಿದಳ ಅಥವಾ ಮೈಟ್ರಲ್ ಕವಾಟ. ಎಡ ಹೃತ್ಕುಕ್ಷಿಯಿಂದ ಮಹಾ ಅಪಧಮನಿ ಹೊರಡುವಲ್ಲಿರುವುದು ಮಹಾ ಅಪಧಮನಿಯ ಕವಾಟ. ಬಲಬದಿಯಲ್ಲಿ ತ್ರಿದಳ ಕವಾಟವೂ ಶ್ವಾಸಕೋಶದ ಅಪಧಮನಿಯ ಕವಾಟವೂ ಇವೆ.

ದ್ವಿದಳ ಕವಾಟದ ರಚನೆ ಪ್ಯಾರಾಚೂಟನ್ನು ಹೋಲುತ್ತದೆ. ತೆಳ್ಳನೆಯ ಎರಡು ದಳಗಳ ಅಂಚಿನಿಂದ ಬಿಳಿಯ ನೂಲಿನಂಥ ತಂತುಗಳು ಇಳಿದು ಹೃತ್ಕುಕ್ಷಿಯ ಗೋಡೆಯ ಸ್ನಾಯುಕಂಬಗಳಿಗೆ ಬಿಗಿದುಕೊಂಡಿರುತ್ತವೆ. ಹೃತ್ಕುಕ್ಷಿ ಒತ್ತಿದಾಗ ದಳಗಳು ಹಿಂದಕ್ಕೆ ಮಗುಚಿಕೊಳ್ಳದಂತೆ ಹಿಡಿದಿಡುವುದು ಈ ತಂತುಗಳ ಕೆಲಸ. ಆರೋಗ್ಯವಂತ ವಯಸ್ಕರಲ್ಲಿ ತೆರೆದ ಕವಾಟದ ಹರವು 4ರಿಂದ 6 ಚದರ ಸೆಂಟಿಮೀಟರ್. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಈ ಭಾಗವೇ ರುಮ್ಯಾಟಿಕ್ ಹೃದ್ರೋಗಕ್ಕೆ ಹೆಚ್ಚಾಗಿ ತುತ್ತಾಗುತ್ತದೆ.

ಕಾರಣ ಮತ್ತು ರೋಗದ ಹಾದಿ

ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಎಂಬ ಬ್ಯಾಕ್ಟೀರಿಯಾ 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ಸುಲಭವಾಗಿ ತಗಲುತ್ತದೆ. ಅದು ಹೃದಯಕ್ಕೆ ನುಗ್ಗಿ ಕವಾಟವನ್ನು ತಿನ್ನುವುದಿಲ್ಲ; ಹಾನಿ ಮಾಡುವುದು ಶರೀರದ ರಕ್ಷಣಾ ವ್ಯವಸ್ಥೆಯೇ. ಬ್ಯಾಕ್ಟೀರಿಯಾದ ಮೈಮೇಲಿನ ‘ಎಂ’ ಪ್ರೋಟೀನು ಹೃದಯದ ಕೆಲವು ಪ್ರೋಟೀನುಗಳನ್ನು ಹೋಲುವುದರಿಂದ, ಸೋಂಕಿನ ವಿರುದ್ಧ ತಯಾರಾದ ಪ್ರತಿಕಾಯಗಳು ಮತ್ತು ಟಿ ಕಣಗಳು ತನ್ನದು ಪರರದು ಎಂಬ ಗುರುತು ತಪ್ಪಿ ಕವಾಟದ ಮೇಲೂ ಎರಗುತ್ತವೆ. ಗಂಟಲು ಬೇನೆಗೂ ಜ್ವರಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ವಾರಗಳ ಬಿಡುವಿರುತ್ತದೆ. ಮನೆಯವರು ಗಂಟಲು ನೋವನ್ನು ಆ ವೇಳೆಗೆ ಮರೆತಿರುತ್ತಾರೆ.

ಗಂಟಲು ಸೋಂಕು ತಗಲಿದ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ವಂಶವಾಹಿಗಳ ಒಲವಿರುವ ಸಣ್ಣ ಪಾಲಿನವರಲ್ಲಿ, ಅದೂ ಸೋಂಕು ಮತ್ತೆ ಮತ್ತೆ ಮರುಕಳಿಸುವ ಪರಿಸರದಲ್ಲಿ ರೋಗ ಬೇರೂರುತ್ತದೆ. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆ, ಗಾಳಿಯಾಡದ ವಸತಿ, ಹತ್ತಿರದಲ್ಲಿ ವೈದ್ಯರಿಲ್ಲದ ಊರು ಇವೇ ಆ ಪರಿಸರ. ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಪೆನಿಸಿಲಿನ್ ಬರುವ ಮೊದಲೇ ರೋಗ ಇಳಿಮುಖವಾಗಲು ವಸತಿಯ ಸುಧಾರಣೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಉತ್ತರ ಆಸ್ಟ್ರೇಲಿಯದ ಮೂಲನಿವಾಸಿ ಸಮುದಾಯಗಳ ಅಧ್ಯಯನಗಳಿಂದ ಚರ್ಮದ ಕಜ್ಜಿಯಂಥ ಸ್ಟ್ರೆಪ್ಟೊಕಾಕಸ್ ಸೋಂಕಿಗೂ ಈ ರೋಗದಲ್ಲಿ ಪಾಲಿರಬಹುದೆಂಬ ಅಭಿಪ್ರಾಯ ಬಲಗೊಂಡಿದೆ.

ರುಮ್ಯಾಟಿಕ್ ಜ್ವರದ ಲಕ್ಷಣಗಳು

ಜ್ವರದೊಂದಿಗೆ ಮಂಡಿ, ಪಾದದ ಗಂಟು, ಮೊಣಕೈ, ಮಣಿಕಟ್ಟಿನಂಥ ದೊಡ್ಡ ಕೀಲುಗಳು ಊದಿ ಕೆಂಪಾಗುತ್ತವೆ. ನೋವು ಒಂದು ಕೀಲಿನಲ್ಲಿ ಇಳಿದು ಮತ್ತೊಂದರಲ್ಲಿ ಏಳುತ್ತದೆ. ಹೀಗೆ ಅಲೆದಾಡುವುದು, ಆಸ್ಪಿರಿನ್ ಕೊಟ್ಟೊಡನೆ ಶಮನವಾಗುವುದು ಇದರ ವಿಶೇಷ. ಕೀಲುಗಳು ಕಲೆಯುಳಿಯದಂತೆ ಗುಣವಾಗುತ್ತವೆ. ಹೃದಯದ ಉರಿಯೂತ ಕೆಲವರಲ್ಲಿ ಏದುಸಿರು, ಎದೆ ಡವಡವಗುಟ್ಟುವಿಕೆಯಾಗಿ ತೋರಿಕೊಳ್ಳುತ್ತದೆ, ಹಲವರಲ್ಲಿ ಏನೂ ತೋರದೆಯೇ ಉಳಿಯುತ್ತದೆ.

ಸಿಡನ್‌ಹ್ಯಾಮ್ ಕೊರಿಯಾ ಎಂಬುದು ಇದೇ ರೋಗದ ವಿಚಿತ್ರ ರೂಪ. ಮಗು ಹಿಡಿದ ಲೋಟ ಕೈಜಾರುತ್ತದೆ, ಬರವಣಿಗೆ ಕೆಡುತ್ತದೆ, ಮುಖ ತಂತಾನೇ ಸೊಟ್ಟಗಾಗುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಸೋಂಕು ಕಳೆದು ತಿಂಗಳುಗಳಾದ ಮೇಲೆ ಬರುವ ಇದನ್ನು ಶಾಲೆಯಲ್ಲಿ ತುಂಟತನವೆಂದೂ ಮನೆಯಲ್ಲಿ ಗಾಳಿ ಸೋಕಿದ್ದೆಂದೂ ತಿಳಿಯುವುದುಂಟು. ಚರ್ಮದ ಮೇಲೆ ಉಂಗುರದಂಥ ಗುಲಾಬಿ ಗೆರೆ, ಮೊಣಕೈ ಮಂಡಿಗಳ ಬಳಿ ನೋವಿಲ್ಲದ ಸಣ್ಣ ಗಂಟು ಇವು ವಿರಳ.

ಯಾವುದೇ ಒಂದು ರಕ್ತಪರೀಕ್ಷೆಯಿಂದ ಈ ಜ್ವರವನ್ನು ನಿರ್ಧರಿಸಲಾಗದು. 1944ರಲ್ಲಿ ಅಮೆರಿಕದ ಟಿ. ಡಕೆಟ್ ಜೋನ್ಸ್ ಲಕ್ಷಣಗಳನ್ನು ಪ್ರಧಾನ, ಗೌಣ ಎಂದು ವಿಂಗಡಿಸಿ ರೂಪಿಸಿದ ಮಾನದಂಡಗಳೇ ಪರಿಷ್ಕರಣೆಗಳೊಂದಿಗೆ ಇಂದಿಗೂ ಬಳಕೆಯಲ್ಲಿವೆ. ಮೊದಲ ಬಾರಿಯ ಜ್ವರಕ್ಕೆ ಎರಡು ಪ್ರಧಾನ, ಇಲ್ಲವೇ ಒಂದು ಪ್ರಧಾನ ಮತ್ತು ಎರಡು ಗೌಣ ಲಕ್ಷಣಗಳು ಬೇಕು; ಜೊತೆಗೆ ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕಾಗಿತ್ತೆಂಬ ಸಾಕ್ಷ್ಯವೂ ಇರಬೇಕು. 2015ರ ಪರಿಷ್ಕರಣೆಯಲ್ಲಿ ಕಿವಿಗೆ ಕೇಳದ, ಶ್ರವಣಾತೀತ ಧ್ವನಿಯ ಎಕೋ ಪರೀಕ್ಷೆಯಲ್ಲಷ್ಟೇ ಕಾಣುವ ಕವಾಟದ ಉರಿಯೂತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ರೋಗ ಹೆಚ್ಚಿರುವ ನಾಡುಗಳ ಮಕ್ಕಳಿಗೆ ಸಡಿಲವಾದ ಬೇರೆ ಅಳತೆಗಳೂ ಬಂದವು.

ಕವಾಟದೋಷದ ವಿಧಗಳು

ಮೊದಲ ಜ್ವರದ ಬಳಿಕ ಸಾಮಾನ್ಯವಾಗಿ ಕಾಣುವುದು ದ್ವಿದಳ ಕವಾಟದ ಸೋರಿಕೆ. ಜ್ವರ ಮರುಕಳಿಸಿದಷ್ಟೂ ದಳಗಳು ದಪ್ಪಗಾಗಿ ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ತಂತುಗಳು ಮೋಟಾಗುತ್ತವೆ, ಬರಬರುತ್ತಾ ಸುಣ್ಣ ಕಟ್ಟುತ್ತದೆ. ತೆರೆದಾಗ ಬಾಗಿಲಿನಂತಿರಬೇಕಾದ ಕವಾಟ ಮೀನಿನ ಬಾಯಿಯಂತೆ ಸೀಳಾಗಿ ಉಳಿಯುತ್ತದೆ. ಹರವು 1.5 ಚದರ ಸೆಂಟಿಮೀಟರಿಗೆ ಅಥವಾ ಅದಕ್ಕಿಂತ ಕೆಳಗಿಳಿದರೆ ಕಿರಿದಾಗುವಿಕೆ ತೀವ್ರವೆಂದು ಲೆಕ್ಕ. ಇದು ಹೆಂಗಸರಲ್ಲಿ ಹೆಚ್ಚು.

ಕಿರಿದಾದ ಕವಾಟದ ಹಿಂದೆ, ಕಟ್ಟೆಯ ಹಿಂದೆ ನೀರು ನಿಂತಂತೆ, ರಕ್ತ ಎಡ ಹೃತ್ಕರ್ಣದಲ್ಲಿ ತುಂಬಿ ಶ್ವಾಸಕೋಶದವರೆಗೂ ಒತ್ತಡ ಏರುತ್ತದೆ. ಮೊದಮೊದಲು ಏರುದಾರಿ ಹತ್ತುವಾಗ, ನೀರಿನ ಕೊಡ ಹೊತ್ತಾಗ ತೇಕು ಬರುತ್ತದೆ. ಮುಂದೆ ಚಪ್ಪಟೆ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತದೆ, ಕೆಮ್ಮಿನಲ್ಲಿ ರಕ್ತ ಕಾಣಿಸಬಹುದು. ಹಿಗ್ಗಿದ ಹೃತ್ಕರ್ಣ ಲಯ ತಪ್ಪಿ ಕಂಪಿಸತೊಡಗಿದರೆ ಅಲ್ಲಿ ರಕ್ತ ಮಡುಗಟ್ಟಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಪಾರ್ಶ್ವವಾಯು. ಮೂವತ್ತರ ಆಸುಪಾಸಿನ ಹೆಣ್ಣುಮಗಳಿಗೆ ಇದ್ದಕ್ಕಿದ್ದಂತೆ ಲಕ್ವ ಹೊಡೆದರೆ ವೈದ್ಯರು ಎದೆಗೆ ಕಿವಿಗೊಡುವುದು ಈ ಕಾರಣಕ್ಕೆ.

ಮಹಾ ಅಪಧಮನಿಯ ಕವಾಟಕ್ಕೆ ಎರಡನೆಯ ಸ್ಥಾನ; ಅಲ್ಲಿ ಸೋರಿಕೆ ಹೆಚ್ಚು. ತ್ರಿದಳ ಕವಾಟ ಬಹುಮಟ್ಟಿಗೆ ಎಡಬದಿಯ ಒತ್ತಡದಿಂದಲೇ ಸೋರುತ್ತದೆ. ಶ್ವಾಸಕೋಶದ ಅಪಧಮನಿಯ ಕವಾಟಕ್ಕೆ ತಗಲುವುದು ತೀರ ಅಪರೂಪ.

ಪತ್ತೆ

ಸ್ಟೆತಾಸ್ಕೋಪಿನಲ್ಲಿ ಕೇಳುವ ಮರ್ಮರ ಮೊದಲ ಸುಳಿವು. ರೋಗ ಖಚಿತವಾಗುವುದು, ಜನ ‘ಎಕೋ’ ಎಂದು ಕರೆಯುವ ಶ್ರವಣಾತೀತ ಧ್ವನಿಯ ಹೃದಯಪರೀಕ್ಷೆಯಿಂದ. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಸಾಧನವನ್ನು ಒತ್ತಿ ಹಿಡಿದರೆ ಕವಾಟದ ಚಲನೆ ಪರದೆಯ ಮೇಲೆ ಕಾಣುತ್ತದೆ, ಹಿಂದಕ್ಕೆ ಸೋರುವ ರಕ್ತ ಬಣ್ಣದ ಚಿಲುಮೆಯಂತೆ ಮೂಡುತ್ತದೆ. ಎಕೋ ಎಷ್ಟು ಸೂಕ್ಷ್ಮವೆಂಬುದು 2007ರಲ್ಲಿ ಪ್ರಕಟವಾದ ಕಾಂಬೋಡಿಯ ಮತ್ತು ಮೊಜಾಂಬಿಕ್ ಶಾಲಾಮಕ್ಕಳ ಅಧ್ಯಯನದಲ್ಲಿ ಬಯಲಾಯಿತು. ಕಿವಿಗೊಟ್ಟು ಪತ್ತೆ ಮಾಡಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಕವಾಟದ ಹಾನಿ ಇತ್ತು. ಹರಿಯಾಣದ ಬಲ್ಲಭಗಢದ ಶಾಲೆಗಳಲ್ಲಿ ನಡೆದ ತಪಾಸಣೆಯಲ್ಲಿಯೂ ಎಕೋ ಲೆಕ್ಕ ಸಾವಿರ ಮಕ್ಕಳಿಗೆ ಸುಮಾರು 20ರಷ್ಟಿದ್ದರೆ, ಸ್ಟೆತಾಸ್ಕೋಪಿನ ಲೆಕ್ಕ ಒಂದನ್ನೂ ಮುಟ್ಟಿರಲಿಲ್ಲ. ಇಂಥ ತಪಾಸಣೆಗೆ ಏಕರೂಪದ ಅಳತೆ ಬೇಕೆಂದು ವಿಶ್ವ ಹೃದಯ ಒಕ್ಕೂಟ 2012ರಲ್ಲಿ ಮಾನದಂಡಗಳನ್ನು ಪ್ರಕಟಿಸಿ 2023ರಲ್ಲಿ ಪರಿಷ್ಕರಿಸಿತು.

ಪೆನಿಸಿಲಿನ್ ತಡೆಚಿಕಿತ್ಸೆ

ತಡೆ ಎರಡು ಹಂತದ್ದು. ಗಂಟಲು ಬೇನೆ ಶುರುವಾದ ಒಂಬತ್ತು ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೆ ಜ್ವರವೇ ಬಾರದಂತೆ ಮಾಡಬಹುದು. ಇದು ಮೊದಲ ಹಂತ. ಒಮ್ಮೆ ಜ್ವರ ಬಂದವರಿಗೆ ಅದು ಮರುಕಳಿಸದಂತೆ ವರ್ಷಗಟ್ಟಲೆ ಪೆನಿಸಿಲಿನ್ ಕೊಡುವುದು ಎರಡನೆಯದು. ರೋಗದ ಭವಿಷ್ಯ ನಿಂತಿರುವುದು ಈ ಎರಡನೆಯದರ ಮೇಲೆ, ಏಕೆಂದರೆ ಕವಾಟವನ್ನು ಹೆಚ್ಚು ಕೆಡಿಸುವುದು ಮೊದಲ ಜ್ವರವಲ್ಲ, ಅದರ ಮರುಕಳಿಕೆ.

ಇದಕ್ಕೆ 1950ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದೇ ಇಂದಿಗೂ ಶ್ರೇಷ್ಠ. ದೊಡ್ಡವರಿಗೆ 12 ಲಕ್ಷ ಯೂನಿಟ್, ಹಗುರ ಮೈಯ ಮಕ್ಕಳಿಗೆ 6 ಲಕ್ಷ. ಭಾರತದಲ್ಲಿ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಕೆಲವು ದೇಶಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಬಿಳಿ ಪುಡಿಯ ಸೀಸೆಗೆ ನೀರು ಬೆರೆಸಿ ಕುಲುಕಿದರೆ ಅದು ಕರಗದೆ ಗಟ್ಟಿ ಹಾಲಿನಂತಾಗುತ್ತದೆ. ಸಪೂರ ಸೂಜಿಯಲ್ಲಿ ಕಟ್ಟಿಕೊಳ್ಳುವುದರಿಂದ ದಪ್ಪ ಸೂಜಿಯೇ ಬೇಕು. ಪೃಷ್ಠದ ಅಥವಾ ತೊಡೆಯ ಸ್ನಾಯುವಿನಾಳಕ್ಕೆ ನಿಧಾನವಾಗಿ ಇಳಿಸಬೇಕು. ಮದ್ದು ಅಲ್ಲೇ ಗಟ್ಟಿಯಾಗಿ ಕುಳಿತು ದಿನದಿನಕ್ಕೆ ಇಷ್ಟಿಷ್ಟೇ ರಕ್ತಕ್ಕೆ ಇಳಿಯುತ್ತದೆ. ಎರಡು ದಿನ ಕಾಲೆಳೆದು ನಡೆಯುವಷ್ಟು ನೋವಿರುವುದು ಸಾಮಾನ್ಯ. ಮಕ್ಕಳು ಚಿಕಿತ್ಸೆ ತಪ್ಪಿಸಲು ಇದೂ ಒಂದು ಕಾರಣ. ನೋವು ತಗ್ಗಿಸಲು ಲಿಗ್ನೊಕೇನ್ ಬೆರೆಸುವ ಪದ್ಧತಿಯಿದೆ.

ಹೃದಯಕ್ಕೆ ತಗಲದ ಜ್ವರವಾದರೆ ಕನಿಷ್ಠ 5 ವರ್ಷ ಅಥವಾ ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನವರೆಗೆ, ಯಾವುದು ದೀರ್ಘವೋ ಅಷ್ಟು ಕಾಲ ಕೊಡಬೇಕು. ಸೌಮ್ಯ ಕವಾಟದೋಷ ಉಳಿದವರಿಗೆ 10 ವರ್ಷ ಅಥವಾ ಇಪ್ಪತ್ತೈದರವರೆಗೆ, ತೀವ್ರ ಹಾನಿಯಾದವರಿಗೆ ನಲವತ್ತರವರೆಗೆ ಇಲ್ಲವೇ ಜೀವನಪರ್ಯಂತ. ಕವಾಟ ಬದಲಾಯಿಸಿದ ಮೇಲೂ ಚುಚ್ಚುಮದ್ದು ನಿಲ್ಲದು, ಉಳಿದ ಕವಾಟಗಳನ್ನು ಕಾಯಬೇಕಲ್ಲ. ಪೆನಿಸಿಲಿನ್ ಒಗ್ಗದವರಿಗೆ ಎರಿತ್ರೊಮೈಸಿನ್ ಮಾತ್ರೆ ಕೊಡುತ್ತಾರೆ.

ಪೆನಿಸಿಲಿನ್ ಅಲರ್ಜಿಯ ಭಯದಿಂದ ಈ ಚುಚ್ಚುಮದ್ದು ಕೊಡಲು ಹಿಂಜರಿಯುವ ದವಾಖಾನೆಗಳು ಭಾರತದಲ್ಲಿ ಕಡಿಮೆಯಿಲ್ಲ. ಜೀವಕ್ಕೆ ಕುತ್ತಾಗುವ ಅಲರ್ಜಿ ವಾಸ್ತವದಲ್ಲಿ ಬಹಳ ವಿರಳ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ನೀಡಿದ ಸಲಹೆಯ ಪ್ರಕಾರ, ಚುಚ್ಚುಮದ್ದಿನ ಬೆನ್ನಿಗೆ ಸಂಭವಿಸಿದ ಕೆಲವು ಸಾವುಗಳಿಗೆ ಅಲರ್ಜಿಗಿಂತ ತೀರ ಹದಗೆಟ್ಟ ಹೃದಯವೇ ಕಾರಣವಿರಬಹುದು. ಅಂಥ ರೋಗಿಗಳಿಗೆ ಮಾತ್ರೆಯ ರೂಪದ ಔಷಧಿ ಸುರಕ್ಷಿತ.

ಬಲೂನ್ ಚಿಕಿತ್ಸೆ

ಬೆಸೆದುಕೊಂಡ ದಳಗಳನ್ನು ಎದೆ ತೆರೆಯದೆ ಬಿಡಿಸುವ ವಿಧಾನವನ್ನು ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೊವೆ 1982ರಲ್ಲಿ ಮೊದಲು ಪ್ರಯೋಗಿಸಿ 1984ರಲ್ಲಿ ಪ್ರಕಟಿಸಿದ. ತೊಡೆಸಂದಿಯ ಅಭಿಧಮನಿಯ ಮೂಲಕ ತೂರಿಸಿದ ನಳಿಕೆ ಬಲ ಹೃತ್ಕರ್ಣ ಸೇರುತ್ತದೆ. ಅಲ್ಲಿಂದ ಹೃತ್ಕರ್ಣಗಳ ನಡುಗೋಡೆಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ ಎಡಕ್ಕೆ ದಾಟಿಸುತ್ತಾರೆ. ಬಲೂನಿನ ರಚನೆಯೇ ಇಲ್ಲಿನ ಜಾಣ್ಮೆ. ಅದು ಮೂರು ಹಂತಗಳಲ್ಲಿ ಉಬ್ಬುತ್ತದೆ: ಮೊದಲು ಮುಂಭಾಗ ಉಬ್ಬಿ ಕವಾಟದ ಆಚೆ ಕೊಂಡಿ ಹಾಕಿಕೊಳ್ಳುತ್ತದೆ, ಆಮೇಲೆ ಹಿಂಭಾಗ ಉಬ್ಬಿ ಡಮರುವಿನ ಆಕಾರದಲ್ಲಿ ಕವಾಟದ ನಡುವೆ ನಿಲ್ಲುತ್ತದೆ, ಕೊನೆಗೆ ನಡುಸೊಂಟವೂ ಉಬ್ಬಿ ಬೆಸುಗೆ ಬಿಡುತ್ತದೆ. ಉಬ್ಬಿ ಇಳಿಯಲು ಬೇಕಾದದ್ದು ಕೆಲವೇ ಸೆಕೆಂಡು. ಎಡ ಹೃತ್ಕರ್ಣದ ಒತ್ತಡ ಮೇಜಿನ ಮೇಲೇ ಇಳಿಯುವುದು ಕಾಣುತ್ತದೆ, ರೋಗಿ ಒಂದೆರಡು ದಿನದಲ್ಲಿ ಮನೆಗೆ ನಡೆದು ಹೋಗಬಹುದು.

ಎಲ್ಲ ಕವಾಟಗಳೂ ಇದಕ್ಕೆ ಒಗ್ಗುವುದಿಲ್ಲ. ದಳಗಳ ಚಲನೆ, ದಪ್ಪ, ಕಟ್ಟಿದ ಸುಣ್ಣ, ಕೆಳಗಿನ ತಂತುಗಳ ಸ್ಥಿತಿ ಈ ನಾಲ್ಕಕ್ಕೆ ತಲಾ 4ರಂತೆ ಅಂಕ ಕೊಡುವ ವಿಲ್ಕಿನ್ಸ್ ಪದ್ಧತಿ 1988ರಿಂದ ರೂಢಿಯಲ್ಲಿದೆ. 16ಕ್ಕೆ 8 ಅಥವಾ ಕಡಿಮೆ ಬಂದರೆ ಬಲೂನ್ ಒಪ್ಪುತ್ತದೆ. ಹೃತ್ಕರ್ಣದಲ್ಲಿ ಹೆಪ್ಪಿದ್ದರೆ, ಸೋರಿಕೆ ಹೆಚ್ಚಿದ್ದರೆ ಕೈಹಾಕುವುದಿಲ್ಲ. ವರ್ಷಗಳು ಕಳೆದಂತೆ ಕವಾಟ ಮತ್ತೆ ಕಿರಿದಾಗಬಹುದು. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಜಗತ್ತಿನಲ್ಲೇ ಈ ಚಿಕಿತ್ಸೆ ಅತಿ ಹೆಚ್ಚು ನಡೆಯುವ ಕೇಂದ್ರಗಳಲ್ಲೊಂದು. ಅಲ್ಲಿನ ದೊಡ್ಡ ರೋಗಿಸಮೂಹಗಳ ಫಲಿತಾಂಶಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿವೆ.

ಶಸ್ತ್ರಚಿಕಿತ್ಸೆ ಮತ್ತು ಕೃತಕ ಕವಾಟ

ಬಡಿಯುತ್ತಿರುವ ಹೃದಯದೊಳಗೆ ಕೈಹಾಕುವ ಸಾಹಸ ಶುರುವಾದದ್ದೇ ರುಮ್ಯಾಟಿಕ್ ಕವಾಟದಿಂದ. 1923ರಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ 12 ವರ್ಷದ ಹುಡುಗಿಯೊಬ್ಬಳ ಕವಾಟವನ್ನು ಕೊಯ್ದು ಬಿಡಿಸಿದ. ಅವಳು ಬದುಕಿದಳು, ನಂತರದವರಲ್ಲಿ ಬಹುತೇಕರು ಬದುಕಲಿಲ್ಲ. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಹೃತ್ಕರ್ಣದೊಳಗೆ ಬೆರಳನ್ನೇ ತೂರಿಸಿ ಕವಾಟವನ್ನು ಹಿಗ್ಗಿಸಿದ. ರೋಗಿ ಚೇತರಿಸಿಕೊಂಡರೂ ಯಾವ ವೈದ್ಯನೂ ಅವನ ಬಳಿಗೆ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ. 1948ರಲ್ಲಿ ಅಮೆರಿಕದ ಚಾರ್ಲ್ಸ್ ಬೇಲಿ ಮತ್ತು ಡ್ವೈಟ್ ಹಾರ್ಕೆನ್, ಇಂಗ್ಲೆಂಡಿನ ರಸೆಲ್ ಬ್ರಾಕ್ ಕೆಲವೇ ತಿಂಗಳ ಅಂತರದಲ್ಲಿ ಯಶಸ್ವಿಯಾದ ಮೇಲೆ ಇದು ನಿತ್ಯದ ಶಸ್ತ್ರಚಿಕಿತ್ಸೆಯಾಯಿತು. ಭಾರತದಲ್ಲಿ 1950ರ ದಶಕದಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಕಡೆ ಇದು ನಡೆಯತೊಡಗಿತು.

ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಿ ಕವಾಟವನ್ನೇ ಬದಲಾಯಿಸುವುದು 1960ರಲ್ಲಿ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ರೂಪಿಸಿದ, ಪಂಜರದೊಳಗಿನ ಚೆಂಡಿನಂಥ ಕವಾಟದಿಂದ ಕೈಗೂಡಿತು. ಆಮೇಲೆ ವಾಲುವ ಬಿಲ್ಲೆಯವೂ ಎರಡು ಎಲೆಗಳವೂ ಬಂದವು. ಆಮದಿನ ಕವಾಟದ ಬೆಲೆ ಭಾರತದ ರೋಗಿಗಳ ಕೈಗೆಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ದೇಶೀಯ ಕವಾಟದ ಕೆಲಸ ನಡೆಯಿತು. ಮೊದಲ ಮೂರು ಮಾದರಿಗಳು ಪರೀಕ್ಷೆಗಳಲ್ಲಿ ಸೋತವು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಗಟ್ಟಿ ಪಾಲಿಎಥಿಲೀನಿನ ವಾಲುಬಿಲ್ಲೆ, ಹೊಲಿಗೆಗೆ ಪಾಲಿಯೆಸ್ಟರ್ ಬಳೆ ಇದ್ದ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಟಿಟಿಕೆ-ಚಿತ್ರಾ ಎಂಬ ಹೆಸರಿನ ಈ ಕವಾಟ ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಎದೆ ಸೇರಿದೆ. ವಲಿಯತ್ತಾನ್ 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ಕೊನೆಯವರೆಗೂ ಕರ್ನಾಟಕದಲ್ಲಿ ನೆಲೆಸಿದ್ದರು.

ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಜೀವ ಔಷಧಿ ಬೇಕು. ಹಂದಿಯ ಕವಾಟ ಅಥವಾ ದನದ ಹೃದಯದ ಪೊರೆಯಿಂದ ಮಾಡಿದ ಜೈವಿಕ ಕವಾಟಕ್ಕೆ ಆ ಔಷಧಿ ದೀರ್ಘಕಾಲ ಬೇಕಿಲ್ಲ, ಆದರೆ ಎಳೆಯರಲ್ಲಿ ಅದು ಬೇಗ ಸವೆದು ಮತ್ತೊಂದು ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಸಾಧ್ಯವಿದ್ದಲ್ಲಿ ರೋಗಿಯ ಸ್ವಂತ ಕವಾಟವನ್ನೇ ದುರಸ್ತಿ ಮಾಡುವುದು ಎರಡೂ ತೊಡಕಿಗೆ ಪರಿಹಾರ.

ರೋಗದೊಡನೆ ಬಾಳುವೆ

ಲೋಹದ ಕವಾಟ ಹಾಕಿಸಿಕೊಂಡವರಿಗೆ ರಾತ್ರಿಯ ನಿಶ್ಶಬ್ದದಲ್ಲಿ ತಮ್ಮ ಎದೆಯ ಟಿಕ್ ಟಿಕ್ ಕೇಳಿಸುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ಕೇಳಿಸುವುದುಂಟು. ಆ ಸದ್ದು ಮಂಕಾದರೆ ಕವಾಟದಲ್ಲಿ ಹೆಪ್ಪು ಕಟ್ಟಿರುವ ಸೂಚನೆ. ಔಷಧಿ ಬಿಟ್ಟವರಲ್ಲಿ ‘ವಾಲ್ವ್ ಸ್ಟಕ್ ಆಗುವುದು’ ಎಂದು ಕರೆಯಲಾಗುವ ಈ ಸ್ಥಿತಿ ತುರ್ತು ಚಿಕಿತ್ಸೆಯದು. ಹೆಪ್ಪು ಕರಗಿಸಲು ಕೊಡುವ ಔಷಧಿಗಳಲ್ಲಿ ಸ್ಟ್ರೆಪ್ಟೊಕೈನೇಸ್ ಒಂದು. ಕವಾಟ ಕೆಡಿಸಿದ ಬ್ಯಾಕ್ಟೀರಿಯಾದ ದಾಯಾದಿಯಿಂದಲೇ ತೆಗೆದದ್ದು ಅದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಮಾತ್ರೆಯನ್ನು ಜನ ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತಾರೆ. ವಾರ್ಫರಿನ್ ಮೊದಲು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು 1954ರಲ್ಲಿ ಮನುಷ್ಯರ ಔಷಧಿಯಾಯಿತು. ಪ್ರಮಾಣ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಎರಡರ ನಡುವಿನ ದಾರಿಯನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆ ತೋರಿಸುತ್ತದೆ. ದ್ವಿದಳ ಸ್ಥಾನದ ಲೋಹದ ಕವಾಟಕ್ಕೆ ಅದು 2.5ರಿಂದ 3.5ರೊಳಗಿರಬೇಕು. ಮೊದಲು ಪದೇಪದೇ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ನುಗ್ಗೆಸೊಪ್ಪು, ಪಾಲಕ್, ಬಸಳೆ, ಹರಿವೆಗಳಲ್ಲಿರುವ ಕೆ ಜೀವಸತ್ವ ಮಾತ್ರೆಯ ಶಕ್ತಿ ಕುಂದಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರವಾರಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ನೋವಿನ ಮಾತ್ರೆ, ಕೆಲವು ಆಂಟಿಬಯಾಟಿಕ್, ಕ್ಷಯದ ಔಷಧಿ, ನಾಟಿ ಮದ್ದು ಇವೆಲ್ಲ ಐಎನ್‌ಆರ್ ಏರುಪೇರು ಮಾಡಬಲ್ಲವು. ಪರೀಕ್ಷೆಯ ಸೌಲಭ್ಯ ಜಿಲ್ಲಾ ಕೇಂದ್ರದಲ್ಲಷ್ಟೇ ಇರುವ ಕಡೆ ಒಂದು ಪರೀಕ್ಷೆ ಎಂದರೆ ಒಂದು ದಿನದ ಕೂಲಿ ಹೋದಂತೆ.

ಗರ್ಭಧಾರಣೆ ಈ ರೋಗಿಗಳಿಗೆ ಕಠಿಣ ಪರೀಕ್ಷೆ. ಬಸುರಿಯಲ್ಲಿ ರಕ್ತದ ಮೊತ್ತ ಶೇ 40ರಿಂದ 50ರಷ್ಟು ಏರುತ್ತದೆ, ಹೃದಯದ ವೇಗವೂ ಹೆಚ್ಚುತ್ತದೆ. ಕಿರಿದಾದ ಕವಾಟ ಅದನ್ನು ದಾಟಿಸಲಾರದು. ಅನೇಕ ಹೆಣ್ಣುಮಕ್ಕಳಿಗೆ ರೋಗವಿರುವುದು ಗೊತ್ತಾಗುವುದೇ ಐದಾರು ತಿಂಗಳಲ್ಲಿ ತೇಕು ಶುರುವಾದಾಗ. ಅಗತ್ಯವಿದ್ದರೆ ಐದು ತಿಂಗಳು ಕಳೆದ ಮೇಲೆ, ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಬಲೂನ್ ಚಿಕಿತ್ಸೆ ಮಾಡುತ್ತಾರೆ. ಹೆರಿಗೆಯಾದ ಮರುಗಳಿಗೆಯಿಂದ ಮೊದಲ ಕೆಲವು ದಿನಗಳು ಅತ್ಯಂತ ಅಪಾಯದವು. ಲೋಹದ ಕವಾಟದವರಲ್ಲಿ ತೊಡಕು ಇನ್ನೂ ಹೆಚ್ಚು: ವಾರ್ಫರಿನ್ ಮೊದಲ ಮೂರು ತಿಂಗಳಲ್ಲಿ ಭ್ರೂಣಕ್ಕೆ ಹಾನಿಕರ, ಬಿಟ್ಟರೆ ತಾಯಿಯ ಕವಾಟಕ್ಕೆ ಅಪಾಯ. ಕವಾಟ ಆರಿಸುವಾಗಲೇ ಮಕ್ಕಳ ವಿಚಾರ ಮಾತಾಡಿಕೊಳ್ಳಬೇಕೆಂಬ ಸಲಹೆ ಇದರಿಂದ ಬಂದದ್ದು.

ಕೆಟ್ಟ ಅಥವಾ ಕೃತಕ ಕವಾಟದ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುವ ಅಂತರ್ಹೃದಯದ ಸೋಂಕು ಮತ್ತೊಂದು ಅಪಾಯ. ಅದರ ಹೆಬ್ಬಾಗಿಲು ಬಾಯಿ. ಹಲ್ಲು ಒಸಡುಗಳ ಶುಚಿತ್ವ ಬೇಕು. ಕೃತಕ ಕವಾಟದವರು ಹಲ್ಲು ಕೀಳಿಸುವ ಮುನ್ನ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ವಾರಗಟ್ಟಲೆ ಬಿಡದ ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗದೆ ರಕ್ತಪರೀಕ್ಷೆ ಮಾಡಿಸಬೇಕು.

ಹರಡಿಕೆ ಮತ್ತು ನಿಯಂತ್ರಣ

ಜಗತ್ತಿನಲ್ಲಿ ಸುಮಾರು 4ರಿಂದ 5.5 ಕೋಟಿ ಜನರಿಗೆ ಈ ರೋಗವಿದೆಯೆಂದೂ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದೂ ಅಂದಾಜು. ದಕ್ಷಿಣ ಏಷ್ಯಾ, ಸಹರಾದ ಕೆಳಗಿನ ಆಫ್ರಿಕ, ಪೆಸಿಫಿಕ್ ದ್ವೀಪಗಳು ಇದರ ಮುಖ್ಯ ನೆಲೆಗಳು. ಸಿರಿವಂತ ದೇಶಗಳಾದ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಅದು ಮೂಲನಿವಾಸಿಗಳು, ಮಾವೋರಿ ಮತ್ತು ಪೆಸಿಫಿಕ್ ಸಮುದಾಯಗಳಲ್ಲಿ ಉಳಿದಿದೆ. ಆಫ್ರಿಕದ 12 ದೇಶಗಳು, ಯೆಮೆನ್ ಮತ್ತು ಭಾರತದ 3,343 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದ ‘ರೆಮಿಡಿ’ ಅಧ್ಯಯನದಲ್ಲಿ ಶೇ 17ರಷ್ಟು ಮಂದಿ ತೀರಿಕೊಂಡರು. ಸತ್ತವರಲ್ಲಿ ಅರ್ಧದಷ್ಟು ಜನ 29 ದಾಟಿರಲಿಲ್ಲ.

ನಿಯಂತ್ರಣ ಸಾಧ್ಯವೆಂಬುದಕ್ಕೆ ಕ್ಯೂಬಾದ ಪಿನಾರ್ ಡೆಲ್ ರಿಯೊ ಪ್ರಾಂತದ ನಿದರ್ಶನವಿದೆ. 1986ರಿಂದ ಹತ್ತು ವರ್ಷ ನಡೆದ ಕಾರ್ಯಕ್ರಮದಲ್ಲಿ ರೋಗಿಗಳ ದಾಖಲೆ, ತಪ್ಪದ ಪೆನಿಸಿಲಿನ್, ಶಾಲೆ ಮತ್ತು ಮನೆಗಳಿಗೆ ತಿಳಿವಳಿಕೆ ಒಟ್ಟುಗೂಡಿ ಜ್ವರದ ಪ್ರಮಾಣ ಬಹಳಷ್ಟು ಇಳಿಯಿತು. ಭಾರತದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಕ್ಕಳ ತಪಾಸಣಾ ಪಟ್ಟಿಯಲ್ಲಿ ಈ ರೋಗ ಸೇರಿದೆ. ಕರ್ನಾಟಕದಲ್ಲಿ ಯಶಸ್ವಿನಿ, ಆಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಹೃದಯ ಶಸ್ತ್ರಚಿಕಿತ್ಸೆಯ ಹೊರೆ ಇಳಿಸಿವೆ. ವಿಶ್ವ ಆರೋಗ್ಯ ಸಭೆ 2018ರಲ್ಲಿ ಈ ರೋಗದ ಬಗ್ಗೆ ನಿರ್ಣಯ ಅಂಗೀಕರಿಸಿತು.

ಸಂಶೋಧನೆಯ ಸದ್ಯದ ಸ್ಥಿತಿ

ಎಕೋದಲ್ಲಿ ಮಾತ್ರ ಕಾಣುವ, ಲಕ್ಷಣವಿಲ್ಲದ ರೋಗಕ್ಕೆ ಚುಚ್ಚುಮದ್ದು ಬೇಕೇ ಎಂಬ ಪ್ರಶ್ನೆಗೆ ಉಗಾಂಡದ ಗುಲು ಪ್ರದೇಶದ ‘ಗೋಲ್’ ಪ್ರಯೋಗ ಉತ್ತರ ಕೊಟ್ಟಿತು. 2021ರ ಕೊನೆಯಲ್ಲಿ ಪ್ರಕಟವಾದ ಅದರಲ್ಲಿ ಪಾಲ್ಗೊಂಡವರು 818 ಮಕ್ಕಳು. ಎರಡು ವರ್ಷದಲ್ಲಿ ಪೆನಿಸಿಲಿನ್ ಪಡೆದವರಲ್ಲಿ ಶೇ 0.8, ಪಡೆಯದವರಲ್ಲಿ ಶೇ 8.2 ಮಕ್ಕಳ ಕವಾಟ ಇನ್ನಷ್ಟು ಕೆಟ್ಟಿತು. 2022ರಲ್ಲಿ ಬಂದ ‘ಇನ್ವಿಕ್ಟಸ್’ ಪ್ರಯೋಗದ ಫಲಿತಾಂಶ ಅನಿರೀಕ್ಷಿತವಾಗಿತ್ತು. 24 ದೇಶಗಳ ಸುಮಾರು 4,500 ರೋಗಿಗಳಲ್ಲಿ, ಐಎನ್‌ಆರ್ ಪರೀಕ್ಷೆ ಬೇಡದ ಹೊಸ ಔಷಧಿ ರಿವರಾಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ ಬಗೆಯ ಔಷಧಿಯಲ್ಲೇ ಸಾವು ಕಡಿಮೆಯಿತ್ತು, ರಕ್ತಸ್ರಾವವೂ ಹೆಚ್ಚಿರಲಿಲ್ಲ.

ಲಸಿಕೆಯ ಹಾದಿ ದುರ್ಗಮ. ‘ಎಂ’ ಪ್ರೋಟೀನಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿರುವುದರಿಂದ ಒಂದರ ಲಸಿಕೆ ಇನ್ನೊಂದಕ್ಕೆ ನಾಟದು. ಅದಲ್ಲದೆ ಹೃದಯವನ್ನು ಹೋಲುವ ಭಾಗವೇ ಲಸಿಕೆಯಲ್ಲಿದ್ದರೆ ಅದೇ ರೋಗ ತರಬಹುದೆಂಬ ಭಯವಿದೆ. 1960ರ ದಶಕದ ಪ್ರಯೋಗವೊಂದರಲ್ಲಿ ಲಸಿಕೆ ಪಡೆದ ಕೆಲವು ಮಕ್ಕಳಿಗೆ ಜ್ವರ ಬಂದದ್ದರಿಂದ ಕೆಲಸ ದಶಕಗಳ ಕಾಲ ಹಿಂದೆ ಬಿತ್ತು. ಈಗ ಹಲವು ಬಗೆಗಳನ್ನು ಒಟ್ಟಿಗೆ ಒಳಗೊಂಡ ಲಸಿಕೆಗಳೂ ಎಲ್ಲ ಬಗೆಗಳಲ್ಲಿ ಸಮಾನವಾಗಿರುವ ತುಣುಕನ್ನು ಆಧರಿಸಿದವೂ ಪರೀಕ್ಷೆಯಲ್ಲಿವೆ.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಸಂಶೋಧಕರು ಪೆನಿಸಿಲಿನ್ನನ್ನು ಸ್ನಾಯುವಿನ ಬದಲು ಚರ್ಮದಡಿಯ ಕೊಬ್ಬಿಗೆ ದೊಡ್ಡ ಪ್ರಮಾಣದಲ್ಲಿ ನಿಧಾನವಾಗಿ ಇಳಿಸುವ ವಿಧಾನವನ್ನು ಪರೀಕ್ಷಿಸುತ್ತಿದ್ದಾರೆ. ಅದು ನೆಲೆಗೊಂಡರೆ 21 ದಿನಕ್ಕೊಮ್ಮೆ ಬೇಕಾದ ಚುಚ್ಚುಮದ್ದು ಎರಡು ಮೂರು ತಿಂಗಳಿಗೊಮ್ಮೆಯಾಗುತ್ತದೆ. ದಾದಿಯರೇ ಬಳಸಬಲ್ಲ ಅಂಗೈಯಗಲದ ಎಕೋ ಸಾಧನಗಳು, ಅವು ತೆಗೆದ ಚಿತ್ರವನ್ನು ಗಣಕಯಂತ್ರವೇ ಓದುವ ವಿಧಾನಗಳು ಶಾಲೆಗಳ ಮಟ್ಟದಲ್ಲಿ ಪ್ರಯೋಗವಾಗುತ್ತಿವೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರುಮ್ಯಾಟಿಕ್ ಜ್ವರ ಮತ್ತು ಹೃದ್ರೋಗಗಳ ತಡೆ ಹಾಗೂ ಪತ್ತೆಗೆ ಮಾರ್ಗಸೂಚಿ ಪ್ರಕಟಿಸಿತು. ಬೆಂಜಥೀನ್ ಪೆನಿಸಿಲಿನ್ನಿನ ಮೂಲವಸ್ತುವನ್ನು ಬೆರಳೆಣಿಕೆಯ ತಯಾರಕರು ಮಾತ್ರ ಮಾಡುತ್ತಾರೆ, ಲಾಭ ಕಡಿಮೆಯಾದ್ದರಿಂದ ಹೊಸಬರು ಬರುವುದಿಲ್ಲ. ಹೀಗಾಗಿ ಆಗಾಗ ಅನೇಕ ದೇಶಗಳಲ್ಲಿ ಚುಚ್ಚುಮದ್ದಿನ ಕೊರತೆ ಕಾಣಿಸಿಕೊಳ್ಳುತ್ತಲೇ ಇದೆ.